ಚೆಂಗಲ್ಪಟ್ಟು: ಕೂರ್ನೋಟದ ಮನೆಯ ಊರು

ನಮ್ಮ ಹೊಸೂರು, ಡೆಂಕಣಿಕೋಟೆ, ತಾಳವಾಡಿ ಕಡೆಯ ಕ್ರೈಸ್ತ ಕುಟುಂಬಗಳು ಚೆನ್ನೈಗೆ ಯಾತ್ರೆ ಹೊರಟರೆ ಸಾಮಾನ್ಯವಾಗಿ ಮೂರು ಸ್ಥಳಗಳನ್ನು ನೋಡಿ ಬರುತ್ತವೆ. ಮೊದಲು ಸಾಂತೋಮಿನಲ್ಲಿ ಪ್ರೇಷಿತ ಸಂತ ತೋಮಾಸರ ಸಮಾಧಿ, ಆಮೇಲೆ ಚಿನ್ನಮಲೈ, ಕೊನೆಗೆ ಪರಂಗಿಮಲೈ. ಪರಂಗಿಮಲೈಯ ಮೇಲೆ 1523ರಲ್ಲಿ ಪೋರ್ಚುಗೀಸರು ಕಟ್ಟಿದ ದೇವಾಲಯವಿದೆ. ಅಲ್ಲಿ ಜಪಸರ ಮುಗಿಸಿ, ಕೆಳಗೆ ಹರಡಿದ ನಗರವನ್ನೂ ಮೀನಂಬಾಕ್ಕಂನಲ್ಲಿ ಇಳಿಯುವ ವಿಮಾನಗಳನ್ನೂ ಮಕ್ಕಳಿಗೆ ತೋರಿಸಿ, ಮೆಟ್ಟಿಲಿಳಿದು ಊರಿನ ಕಡೆ ಮುಖ ಮಾಡುವುದು ರೂಢಿ.

ಆ ಗುಡ್ಡಕ್ಕೆ ಹತ್ತಿರದಲ್ಲೇ ಸೇಂಟ್ ಥಾಮಸ್ ಮೌಂಟ್ ರೈಲು ನಿಲ್ದಾಣವಿದೆ. ಅಲ್ಲಿಂದ ದಕ್ಷಿಣಕ್ಕೆ ಹೋಗುವ ಲೋಕಲ್ ರೈಲು ಹತ್ತುವ ಯಾತ್ರಿಕರು ಕಡಿಮೆ. ತಾಂಬರಂ, ವಂಡಲೂರು, ಗೂಡುವಾಂಚೇರಿ, ಪೊತ್ತೇರಿ, ಮರೈಮಲೈ ನಗರ, ಸಿಂಗಪೆರುಮಾಳ್ ಕೋಯಿಲ್ ದಾಟಿ ಆ ರೈಲು ಚೆಂಗಲ್ಪಟ್ಟು ಸೇರುತ್ತದೆ. ಪೊತ್ತೇರಿಯಲ್ಲಿ ಕಾಲೇಜು ಹುಡುಗರು ಗುಂಪುಗುಂಪಾಗಿ ಇಳಿದ ಮೇಲೆ ಡಬ್ಬಿ ಖಾಲಿಯಾಗಿ ಕೂರಲು ಜಾಗ ಸಿಗುತ್ತದೆ. ಊರು ಹತ್ತಿರವಾದಂತೆ ಕಿಟಕಿಯ ಪಕ್ಕದಲ್ಲೇ ಕೊಳವಾಯ್ ಕೆರೆ ಸಮುದ್ರದಂತೆ ತೆರೆದುಕೊಳ್ಳುತ್ತದೆ. ಈ ಸಲ ನಾವು ಆ ರೈಲು ಹತ್ತಿದ್ದು ಒಂದು ಮನೆಯನ್ನು ಹೊರಗಿನಿಂದಲಾದರೂ ನೋಡಿ ಬರೋಣವೆಂದು. ತಪ್ಪು ಮಾಡಿದ, ಅಥವಾ ತಪ್ಪು ಮಾಡಿದರೆಂಬ ದೂರಿಗೆ ಒಳಗಾದ ಮಕ್ಕಳನ್ನು ಇರಿಸುವ ಸರ್ಕಾರಿ ಮನೆ ಅದು.

ಕೋಟೆಯೂ ಕೆರೆಯೂ

ಚೆಂಗಲ್ಪಟ್ಟು ಕನ್ನಡಿಗರಿಗೆ ತೀರಾ ಹೊರಗಿನ ಊರಲ್ಲ. ಕೆಂಪು ನೈದಿಲೆಗೆ ತಮಿಳಿನಲ್ಲಿ ಚೆಂಗಳುನೀರ್ ಎನ್ನುತ್ತಾರೆ. ಆ ಹೂವಿನಿಂದಲೇ ಊರಿಗೆ ಹೆಸರು ಬಂತೆಂದು ಹೇಳುತ್ತಾರೆ. ಇಲ್ಲಿಯ ಕೋಟೆಯನ್ನು ಕಟ್ಟಿದವರು ವಿಜಯನಗರದ ಅರಸರು. 1565ರ ತಾಳಿಕೋಟೆ ಯುದ್ಧದಲ್ಲಿ ಸೋತ ಮೇಲೆ ಅವರ ಆಳ್ವಿಕೆ ಪೆನುಕೊಂಡೆ, ಚಂದ್ರಗಿರಿ ಎಂದು ತೆಂಕಣಕ್ಕೆ ಸರಿಯಿತಲ್ಲ, ಆ ಕಾಲದ ಕೋಟೆ ಇದು. ಒಂದು ಕಡೆ ಕೆರೆ, ಸುತ್ತ ಜೌಗು ನೆಲ. ಶತ್ರುವಿಗೆ ಹತ್ತಿರ ಬರುವುದು ಕಷ್ಟವಾಗಿತ್ತು. 1752ರಲ್ಲಿ ರಾಬರ್ಟ್ ಕ್ಲೈವ್ ಇದನ್ನು ಫ್ರೆಂಚರಿಂದ ಕಸಿದುಕೊಂಡ. 1780ರಲ್ಲಿ ನಮ್ಮ ಹೈದರಾಲಿಯ ಸೈನ್ಯ ಬೇಲಿಯ ದಂಡನ್ನು ಸೋಲಿಸಿದಾಗ, ಹೆಕ್ಟರ್ ಮನ್ರೋ ತನ್ನ ಸೈನಿಕರೊಂದಿಗೆ ಓಡಿಬಂದು ಸೇರಿಕೊಂಡದ್ದೂ ಈ ಕೋಟೆಯನ್ನೇ.

ಈಗ ಚೆಂಗಲ್ಪಟ್ಟು 2019ರ ನವೆಂಬರಿನಲ್ಲಿ ರಚನೆಯಾದ ಹೊಸ ಜಿಲ್ಲೆಯ ಕೇಂದ್ರ. ದೊಡ್ಡ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಕುಷ್ಠರೋಗದ ಕೇಂದ್ರ ಸಂಶೋಧನಾಲಯವಿದೆ. 2002ರಲ್ಲಿ ಮದ್ರಾಸ್-ಮೈಲಾಪುರ ಮಹಾಧರ್ಮಕ್ಷೇತ್ರವನ್ನು ವಿಭಾಗಿಸಿ ಸ್ಥಾಪಿಸಿದ ಧರ್ಮಕ್ಷೇತ್ರಕ್ಕೂ ಇದೇ ಕೇಂದ್ರ. ಪ್ರಧಾನಾಲಯ ಸಂತ ಜೋಸೆಫರದು.

ನಿಲ್ದಾಣದ ಹೊರಗಿನ ಚಹಾದ ಅಂಗಡಿಯಲ್ಲಿ ದಾರಿ ಕೇಳಿದೆವು. ಊರಿನ ಹಳಬರು ಆ ಮನೆಯನ್ನು ಇಂದಿಗೂ ‘ಸೀರ್ತಿರುತ್ತಪ್ ಪಳ್ಳಿ’ ಎಂದೇ ಕರೆಯುತ್ತಾರೆ. ಎಂದರೆ ತಿದ್ದುವ ಶಾಲೆ. ಅಂಗಡಿಯ ಹಿರಿಯರು ದಾರಿ ಹೇಳುವ ಮೊದಲು ನಮ್ಮ ಮುಖ ನೋಡಿ, ದನಿ ತಗ್ಗಿಸಿ ಕೇಳಿದರು: “ನಿಮ್ಮ ಹುಡುಗ ಒಳಗಿದ್ದಾನಾ ಅಯ್ಯಾ?” ಇಲ್ಲವೆಂದಾಗ ಅವರಿಗೆ ಆಶ್ಚರ್ಯ. ಆ ಮನೆಯನ್ನು ಕೇಳಿಕೊಂಡು ಬರುವವರು ಹೆತ್ತವರು ಮಾತ್ರ, ಬೇರೆಯವರು ಯಾಕೆ ಬರುತ್ತಾರೆ ಎಂದರು. ಆ ಒಂದು ಮಾತು ದಿನವಿಡೀ ನಮ್ಮ ಜೊತೆ ಬಂತು.

1887ರ ಶಾಲೆ

ಈ ಶಾಲೆ ಆರಂಭವಾದದ್ದು 1887ರಲ್ಲಿ. ಅದಕ್ಕೂ ಹಿಂದೆ ತೆಂಗಿನಕಾಯಿ ಕದ್ದ ಹತ್ತು ವರ್ಷದ ಹುಡುಗನೂ ಕೊಲೆಗಾರನೂ ಒಂದೇ ಸೆರೆಮನೆಯ ಗೋಡೆಯೊಳಗೆ ಬೀಳುವುದಿತ್ತು. 1850ರ ಕಾನೂನು ಸಣ್ಣ ತಪ್ಪು ಮಾಡಿದ ಮಕ್ಕಳನ್ನು ಜೈಲಿಗೆ ಹಾಕದೆ ಕಸಬು ಕಲಿಯಲು ಕುಶಲಕರ್ಮಿಗಳ ಬಳಿ ಬಿಡಬಹುದೆಂದು ಹೇಳಿತು. 1876ರಲ್ಲಿ ಸುಧಾರಣಾ ಶಾಲೆಗಳ ಕಾನೂನು ಬಂತು, 1897ರಲ್ಲಿ ಅದನ್ನು ಹೊಸದಾಗಿ ಬರೆದರು. ಮಗುವನ್ನು ಜೈಲಿಗೆ ಕಳಿಸದೆ ಶಾಲೆಗೆ ಕಳಿಸಿ, ಬಡಗಿ ಕೆಲಸವನ್ನೋ ನೇಯ್ಗೆಯನ್ನೋ ಕಲಿಸಿ ಎಂಬುದು ಅದರ ಆಶಯ. ಚೆಂಗಲ್ಪಟ್ಟಿನ ಶಾಲೆ ಆ ಆಶಯದ ಕೂಸು.

1920ರಲ್ಲಿ ಮದ್ರಾಸ್ ಪ್ರಾಂತ್ಯ ದೇಶದಲ್ಲೇ ಮೊದಲು ಮಕ್ಕಳಿಗಾಗಿ ಪ್ರತ್ಯೇಕ ಕಾಯಿದೆ ಮಾಡಿತು. ಬಂಗಾಳ 1922ರಲ್ಲಿ, ಮುಂಬಯಿ 1924ರಲ್ಲಿ ಅದೇ ದಾರಿ ಹಿಡಿದವು. ಸ್ವಾತಂತ್ರ್ಯ ಬಂದ ಎಷ್ಟೋ ವರ್ಷಗಳ ನಂತರವೂ ಮಕ್ಕಳು ದೊಡ್ಡವರ ಜೈಲುಗಳಲ್ಲಿ ಉಳಿದಿದ್ದರು. ಶೀಲಾ ಬಾರ್ಸೆ ಎಂಬ ಪತ್ರಕರ್ತೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ, ಮಕ್ಕಳನ್ನು ಜೈಲಿನಲ್ಲಿ ಇರಿಸಲೇಬಾರದೆಂದು 1986ರಲ್ಲಿ ನ್ಯಾಯಾಲಯ ಕಟುವಾಗಿ ಹೇಳಿತು. ಅದೇ ವರ್ಷ ಇಡೀ ದೇಶಕ್ಕೆ ಅನ್ವಯಿಸುವ ಬಾಲನ್ಯಾಯ ಕಾಯಿದೆ ಬಂತು. 2000ದಲ್ಲಿ ಅದನ್ನು ಹೊಸದಾಗಿ ಬರೆದು, ಗಂಡಾಗಲಿ ಹೆಣ್ಣಾಗಲಿ ಹದಿನೆಂಟು ತುಂಬುವವರೆಗೂ ಮಕ್ಕಳೇ ಎಂದರು. ಈಗ ಜಾರಿಯಲ್ಲಿರುವುದು 2015ರ ಕಾಯಿದೆ. ಹದಿನಾರು ದಾಟಿದವರು ಘೋರ ಅಪರಾಧ ಮಾಡಿದರೆಂಬ ಆರೋಪವಿದ್ದರೆ, ದೊಡ್ಡವರಂತೆ ವಿಚಾರಣೆ ನಡೆಸಲು ಅದರಲ್ಲಿ ಅವಕಾಶ ಕೊಟ್ಟಿದ್ದಾರೆ. ಹಾಗಿದ್ದರೂ ಇಪ್ಪತ್ತೊಂದು ತುಂಬುವವರೆಗೆ ಅವರನ್ನು ಜೈಲಿಗೆ ಕಳಿಸುವಂತಿಲ್ಲ.

ವಿಚಾರಣೆ ನಡೆಯುತ್ತಿರುವಾಗ ಮಗುವನ್ನು ಇರಿಸುವ ಮನೆಗೆ ಕನ್ನಡದಲ್ಲಿ ವೀಕ್ಷಣಾಲಯ ಎನ್ನುತ್ತೇವೆ. ನಮ್ಮ ಜನರ ಬಾಯಲ್ಲಿ ಅದು ಇನ್ನೂ ರಿಮ್ಯಾಂಡ್ ಹೋಂ. ತಮಿಳಿನಲ್ಲಿ ಅದಕ್ಕೆ ‘ಕೂರ್ನೋಕ್ಕು ಇಲ್ಲಂ’ ಎಂಬ ಹೆಸರಿದೆ. ‘ಕೂರಲಗು’ ಎಂಬಲ್ಲಿರುವ ನಮ್ಮ ಹಳೆಯ ‘ಕೂರ್’ ಶಬ್ದವೇ ಅಲ್ಲೂ ಇರುವುದು. ಕೂರ್ನೋಕ್ಕು ಎಂದರೆ ಕೂರಾದ ನೋಟ, ಎಚ್ಚರದ ನೋಟ. ಮಗುವನ್ನು ಎಚ್ಚರದಿಂದ ನೋಡಿಕೊಳ್ಳುವ ಮನೆ ಎಂಬ ಅರ್ಥ. ಹೆಸರೇನೋ ಚೆಂದ.

ಡಿಸೆಂಬರ್ 31

ಆ ಹೆಸರು ಸುಳ್ಳಾದ ದಿನವೊಂದಿದೆ. 2022ರ ಡಿಸೆಂಬರ್ ಕೊನೆಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬನನ್ನು, ರೈಲ್ವೆಗೆ ಸೇರಿದ ವಸ್ತು ಕದ್ದನೆಂಬ ಆರೋಪದ ಮೇಲೆ ಹಿಡಿದು ಚೆಂಗಲ್ಪಟ್ಟಿನ ಈ ಮನೆಗೆ ತಂದು ಬಿಟ್ಟರು. ಡಿಸೆಂಬರ್ 31ರಂದು ಅವನು ಸತ್ತುಹೋದ. ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಿತು. ಅವನನ್ನು ಹೊಡೆದು ಕೊಂದರೆಂಬ ಆರೋಪದ ಮೇಲೆ 2023ರ ಜನವರಿಯಲ್ಲಿ ಆ ಮನೆಯ ಆರು ಮಂದಿ ಸಿಬ್ಬಂದಿಯನ್ನು ಬಂಧಿಸಿದರು. ಕಾವಲು ಕಾಯಬೇಕಾದವರ ಮೇಲೆಯೇ ಕೊಲೆಯ ಮೊಕದ್ದಮೆ!

ಅವನ ಹೆಸರನ್ನು ನಾವು ಇಲ್ಲಿ ಬರೆಯುತ್ತಿಲ್ಲ. ಇಂಥ ಮಕ್ಕಳ ಹೆಸರು, ಊರು, ಶಾಲೆಯನ್ನು ಪತ್ರಿಕೆಗಳು ಬರೆಯಬಾರದೆಂದು ಕಾಯಿದೆಯ 74ನೇ ಕಲಂ ಹೇಳುತ್ತದೆ. ಕೆಟ್ಟ ಹೆಸರು ಮಗುವಿನ ಬೆನ್ನು ಹತ್ತಬಾರದೆಂಬುದು ಅದರ ಉದ್ದೇಶ. ಅವನಿಗೊಬ್ಬ ತಾಯಿ ಇದ್ದಳು ಎಂದಷ್ಟೇ ತಿಳಿದರೆ ನಮಗೆ ಸಾಕು.

ಈ ಸಾವಿನ ನಂತರ ತಮಿಳುನಾಡು ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿಯನ್ನು ನೇಮಿಸಿತು. ವಕೀಲರಾಗಿದ್ದಾಗ ಅವರು ನಡೆಸಿದ ಮೊಕದ್ದಮೆಯೇ 2021ರ ‘ಜೈ ಭೀಮ್’ ಚಲನಚಿತ್ರದ ಕಥೆಯೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಇಂಥ ಮನೆಗಳ ಆಡಳಿತವನ್ನು ಹೇಗೆ ಸುಧಾರಿಸಬೇಕೆಂದು ಪರಿಶೀಲಿಸಿ, 2023ರ ನವೆಂಬರಿನಲ್ಲಿ ಅವರು ಮುಖ್ಯಮಂತ್ರಿಗಳಿಗೆ ವರದಿ ಒಪ್ಪಿಸಿದರು.

ಕಾನೂನಿಗೆ ಕಣ್ಣುಗಳಿವೆ

ಮನೆಯ ಮುಂದೆ ನಿಂತರೆ ಕಾಣುವುದು ಗೋಡೆ ಮತ್ತು ಗೇಟು. ಅನುಮತಿ ಇಲ್ಲದವರನ್ನು ಒಳಗೆ ಬಿಡುವುದಿಲ್ಲ, ಬಿಡಲೂಬಾರದು; ಅವು ಪ್ರದರ್ಶನಕ್ಕಿಟ್ಟ ಮಕ್ಕಳಲ್ಲ. ಆದರೆ ಅದೇ ಗೋಡೆ ಒಳಗಿನ ಕೂಗು ಹೊರಗೆ ಬಾರದಂತೆಯೂ ತಡೆಯಬಲ್ಲದು. ಇದನ್ನು ತಿಳಿದೇ ಕಾಯಿದೆ ಮಾಡಿದವರು ಆ ಗೋಡೆಗೆ ಹಲವು ಕಣ್ಣುಗಳನ್ನು ಇಟ್ಟಿದ್ದಾರೆ.

ಪೊಲೀಸರು ಮಗುವನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು ಮತ್ತು ಇಬ್ಬರು ಸಮಾಜಸೇವಕರು, ಅವರಲ್ಲಿ ಒಬ್ಬರು ಮಹಿಳೆ. ಈ ಮಂಡಳಿ ತಿಂಗಳಿಗೊಮ್ಮೆಯಾದರೂ ಮಕ್ಕಳಿರುವ ಮನೆಗೆ ಹೋಗಿ ಪರಿಶೀಲಿಸಬೇಕು. ಇದಲ್ಲದೆ ತಪಾಸಣಾ ಸಮಿತಿಗಳಿವೆ. ಕನಿಷ್ಠ ಮೂವರ ತಂಡ, ಅದರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಲೇಬೇಕು, ಮೂರು ತಿಂಗಳಿಗೊಮ್ಮೆಯಾದರೂ ಭೇಟಿ ಕೊಡಬೇಕು. ಮಗುವಿಗೆ ಹಿಂಸೆ ಕೊಟ್ಟವರು ಆ ಸಂಸ್ಥೆಯ ನೌಕರರೇ ಆಗಿದ್ದರೆ ಐದು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿಯವರೆಗೆ ದಂಡ.

ಇಷ್ಟೆಲ್ಲ ಇದ್ದೂ ಮಕ್ಕಳಿಗೆ ಅಪಾಯ ಎಲ್ಲಿಂದ ಬರುತ್ತದೆ? ಹೊಸದಾಗಿ ಬಂದ ಹುಡುಗನಿಗೆ ಮೊದಲ ಒಂದೆರಡು ದಿನಗಳೇ ಕಷ್ಟದವು. ಅವನಿಗೆ ಯಾರ ಪರಿಚಯವೂ ಇರುವುದಿಲ್ಲ. ದೊಡ್ಡ ಹುಡುಗರನ್ನೂ ಚಿಕ್ಕವರನ್ನೂ ಒಟ್ಟಿಗೆ ಮಲಗಿಸಿದರೆ ಬಲವುಳ್ಳವನದೇ ಆಳ್ವಿಕೆ. ಓದು, ಆಟ, ಕಸಬು ಯಾವುದೂ ಇಲ್ಲದೆ ದಿನವಿಡೀ ಸುಮ್ಮನೆ ಕೂರಿಸಿದರೆ ಜಗಳ ತಾನಾಗಿಯೇ ಹುಟ್ಟುತ್ತದೆ. ಜಗಳ ಬಿಡಿಸಲು ತರಬೇತಿಯಿಲ್ಲದ ಸಿಬ್ಬಂದಿಗೆ ಗೊತ್ತಿರುವ ಸುಲಭದ ಉಪಾಯ ಏಟು. ಹೊಡೆದವರಿಗೆ ‘ನಾಳೆ ಯಾರೋ ಬಂದು ಕೇಳುತ್ತಾರೆ’ ಎಂಬ ಅಳುಕು ಇಲ್ಲದಿದ್ದರೆ ಏಟಿಗೆ ಮಿತಿಯೂ ಇರುವುದಿಲ್ಲ. ಚಹಾದ ಅಂಗಡಿಯ ಹಿರಿಯರ ಆಶ್ಚರ್ಯದಲ್ಲಿ ಈ ಕಥೆಯ ಅರ್ಧ ಭಾಗ ಅಡಗಿದೆ. ಹೆತ್ತವರಲ್ಲದೆ ಬೇರೆ ಯಾರೂ ಬಾರದ ಮನೆಯಲ್ಲಿ, ಹೆತ್ತವರು ಬಾರದ ಮಗುವಿನ ಗತಿ ಏನು?

ಗಡಿಯ ಮಕ್ಕಳು

ಇದು ತಮಿಳರ ಊರಿನ ಸಂಗತಿ, ನಮಗೇನು ಎಂದುಕೊಳ್ಳಬೇಡಿ. ಹೊಸೂರಿನ ಕಾರ್ಖಾನೆಗಳಿಗೆ, ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ನಮ್ಮ ಹುಡುಗರು ಹದಿನಾರು ಹದಿನೇಳಕ್ಕೇ ಹೋಗುತ್ತಾರೆ. ಕಾಸರಗೋಡಿನವರು ಮಲಯಾಳದ ಠಾಣೆಯಲ್ಲಿ, ಸೊಲ್ಲಾಪುರ, ಅಕ್ಕಲಕೋಟೆಯವರು ಮರಾಠಿಯ ಠಾಣೆಯಲ್ಲಿ, ಆದೋನಿ, ಮಡಕಶಿರದವರು ತೆಲುಗಿನ ಠಾಣೆಯಲ್ಲಿ ಉತ್ತರ ಕೊಡಬೇಕಾಗುತ್ತದೆ. ಎಲ್ಲ ಜಿಲ್ಲೆಗಳಲ್ಲೂ ವೀಕ್ಷಣಾಲಯ ಇರುವುದಿಲ್ಲ. ಕೂಲಿ ಬಿಟ್ಟು ಬಸ್ಸು ಹಿಡಿದು ಬರಬೇಕಾದ ತಾಯಿ ತಂದೆಗೆ ಅದು ದೂರದ ದಾರಿ. ಆದ್ದರಿಂದ ಗಡಿಯ ಕುಟುಂಬಗಳು ಕೆಲವು ವಿಷಯಗಳನ್ನು ತಿಳಿದಿರಬೇಕು.

ಮೊದಲನೆಯದು ಭಾಷೆ. ಮಂಡಳಿಯಲ್ಲಿ ಆಡುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ದುಭಾಷಿಯನ್ನು ಒದಗಿಸುವುದು ಮಂಡಳಿಯ ಕರ್ತವ್ಯ. ಇದು ಕಾಯಿದೆಯ 8ನೇ ಕಲಮಿನಲ್ಲೇ ಇದೆ, ದಾಕ್ಷಿಣ್ಯದ ಮಾತಲ್ಲ. ಮಗುವಿನ ಊರು ಬೇರೆ ಜಿಲ್ಲೆಯಲ್ಲೋ ರಾಜ್ಯದಲ್ಲೋ ಇದ್ದರೆ, ಊರಿನ ಮಂಡಳಿಗೆ ಅವನನ್ನು ವರ್ಗಾಯಿಸಲು 95ನೇ ಕಲಂ ದಾರಿ ತೋರಿಸುತ್ತದೆ.

ಎರಡನೆಯದು ಜಾಮೀನು. ದೊಡ್ಡವರಿಗೆ ಜಾಮೀನು ಸಿಗದ ಆರೋಪವಾದರೂ ಮಗುವಿಗೆ ಜಾಮೀನು ಕೊಡುವುದೇ ನಿಯಮ, ಕೊಡದಿರುವುದು ಅಪವಾದ. ಕೆಟ್ಟವರ ಸಹವಾಸಕ್ಕೆ ಬೀಳುವ, ಅಪಾಯಕ್ಕೆ ಸಿಲುಕುವ ಅಥವಾ ನ್ಯಾಯಕ್ಕೆ ಭಂಗ ಬರುವ ಸಂಭವವಿದ್ದರೆ ಮಾತ್ರ ನಿರಾಕರಿಸಬಹುದು. ಜಾಮೀನಿನ ಷರತ್ತು ಪೂರೈಸಲು ಏಳು ದಿನದೊಳಗೆ ಆಗದಿದ್ದರೆ ಮಗುವನ್ನು ಮತ್ತೆ ಮಂಡಳಿಯ ಮುಂದೆ ತಂದು ಷರತ್ತನ್ನು ಬದಲಾಯಿಸಬೇಕು. ಬಡವನ ಮಗ ಹಣವಿಲ್ಲದ ಕಾರಣಕ್ಕೆ ಒಳಗೇ ಉಳಿಯಬಾರದು ಎಂದೇ ಈ ನಿಯಮ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಅಲ್ಲಿ ವಕೀಲರ ನೆರವು ಉಚಿತ. ಮಕ್ಕಳ ಸಹಾಯವಾಣಿ 1098.

ಮೂರನೆಯದು ವಯಸ್ಸಿನ ದಾಖಲೆ. ಹುಡುಗನಿಗೆ ಹದಿನೆಂಟಾಗಿಲ್ಲ ಎಂದು ತೋರಿಸಲಾಗದಿದ್ದರೆ ಅವನು ನೇರ ದೊಡ್ಡವರ ಜೈಲಿಗೆ ಹೋಗಬಹುದು. ನಮ್ಮ ಜನ ಎಲ್ಲದಕ್ಕೂ ಧರ್ಮಕೇಂದ್ರಕ್ಕೆ ಬಂದು ಜ್ಞಾನಸ್ನಾನದ ಪತ್ರ ಕೇಳುತ್ತಾರೆ. ಆದರೆ 94ನೇ ಕಲಂ ಹೆಸರಿಸುವುದು ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ. ಅದಿಲ್ಲದಿದ್ದರೆ ಪುರಸಭೆ, ಪಂಚಾಯತಿ ಕೊಟ್ಟ ಜನನ ಪತ್ರ. ಎರಡೂ ಇಲ್ಲದಿದ್ದರೆ ಎಲುಬಿನ ಪರೀಕ್ಷೆ. ಜ್ಞಾನಸ್ನಾನದ ಪತ್ರ ಆ ಪಟ್ಟಿಯಲ್ಲಿಲ್ಲ. ಮಗುವಿಗೆ ಜ್ಞಾನಸ್ನಾನ ಮಾಡಿಸುವ ವಾರದಲ್ಲೇ ಜನನ ನೋಂದಣಿಯನ್ನೂ ಮಾಡಿಸಿ ಎಂದು ಗುರುಗಳು ಪೀಠದಿಂದ ಹೇಳಿದರೆ ಎಷ್ಟೋ ಉಪಕಾರ.

ಕೊನೆಯದು ಧೈರ್ಯದ ಮಾತು. ಮಂಡಳಿಯ ಮುಂದೆ ಹೋಗಿಬಂದ ಹುಡುಗನ ಬಾಳು ಅಲ್ಲಿಗೇ ಮುಗಿಯಲಿಲ್ಲ. ದೊಡ್ಡವರಂತೆ ವಿಚಾರಣೆಗೆ ಒಳಗಾದ ಘೋರ ಪ್ರಕರಣಗಳನ್ನು ಬಿಟ್ಟರೆ, ಆ ತೀರ್ಪು ಮುಂದೆ ಕೆಲಸಕ್ಕಾಗಲಿ ಓದಿಗಾಗಲಿ ಅಡ್ಡಿಯಾಗಬಾರದೆಂದು 24ನೇ ಕಲಂ ಹೇಳುತ್ತದೆ. ನೆರೆಹೊರೆಯ ನಾವು ಅದನ್ನು ಎತ್ತಿ ಆಡದಿದ್ದರೆ ಆಯಿತು.

ಹೋಗಿ ಕಂಡವರು

ಸೆರೆಯಲ್ಲಿದ್ದವರನ್ನು ಕಾಣಲು ಹೋದವರು ನನ್ನನ್ನೇ ಕಂಡರು ಎಂದು ಪ್ರಭುವೇ ಹೇಳಿದ್ದಾರೆ. ಧರ್ಮಸಭೆಯಲ್ಲಿ ಇದನ್ನು ಅಕ್ಷರಶಃ ಪಾಲಿಸಿದವರಿದ್ದಾರೆ. 1841ರಲ್ಲಿ ಗುರುದೀಕ್ಷೆ ಪಡೆದ ಸಂತ ಜಾನ್ ಬೋಸ್ಕೊ, ಸಂತ ಜೋಸೆಫ್ ಕಫಾಸೊ ಅವರ ಜೊತೆ ಟೂರಿನ್ ನಗರದ ಸೆರೆಮನೆಗಳಿಗೆ ಹೋದರು. ಅಲ್ಲಿ ಹನ್ನೆರಡರಿಂದ ಹದಿನೆಂಟರ ಗಟ್ಟಿಮುಟ್ಟಾದ ಹುಡುಗರನ್ನು ಕಂಡು ಅವರ ಕರುಳು ಕಿವುಚಿತು. ಬಿಡುಗಡೆಯಾದವರು ಕೆಲವೇ ದಿನಗಳಲ್ಲಿ ಮರಳಿ ಬರುವುದನ್ನು ಗಮನಿಸಿದ ಅವರು, ಹೊರಗೆ ಇವರನ್ನು ವಿಚಾರಿಸಿಕೊಳ್ಳುವ ಒಬ್ಬ ಸ್ನೇಹಿತ ಇಲ್ಲದ್ದೇ ಕಾರಣ ಎಂದು ಕಂಡುಕೊಂಡರು. ಏಟಿಲ್ಲದೆ, ಪ್ರೀತಿಯಿಂದ, ಜೊತೆಯಲ್ಲಿದ್ದುಕೊಂಡು ಮಕ್ಕಳನ್ನು ಬೆಳೆಸುವ ಅವರ ಪದ್ಧತಿಗೆ ಬೀಜ ಬಿದ್ದದ್ದು ಆ ಸೆರೆಮನೆಯಲ್ಲಿ.

2013ರ ಮಾರ್ಚ್ 28ರಂದು, ಪವಿತ್ರ ಗುರುವಾರ, ಆಗಷ್ಟೇ ಆಯ್ಕೆಯಾಗಿದ್ದ ಜಗದ್ಗುರು ಫ್ರಾನ್ಸಿಸರು ರೋಮಿನ ದೊಡ್ಡ ದೇವಾಲಯಗಳನ್ನು ಬಿಟ್ಟು ಕಸಾಲ್ ದೆಲ್ ಮಾರ್ಮೊ ಎಂಬ ಬಾಲಾಪರಾಧಿಗಳ ಸೆರೆಮನೆಗೆ ಹೋದರು. ಹನ್ನೆರಡು ಯುವಜನರ ಕಾಲು ತೊಳೆದು ಮುದ್ದಿಟ್ಟರು. ಅವರಲ್ಲಿ ಇಬ್ಬರು ಹುಡುಗಿಯರು, ಮುಸ್ಲಿಮರೂ ಇದ್ದರು. ಹತ್ತು ವರ್ಷಗಳ ನಂತರ, 2023ರಲ್ಲಿ, ವಯಸ್ಸಾಗಿ ನಡೆಯಲು ಕಷ್ಟವಾಗುತ್ತಿದ್ದಾಗಲೂ ಅದೇ ಸೆರೆಮನೆಗೆ ಮತ್ತೆ ಹೋದರು. ಹೋಗುವುದಷ್ಟೇ ಅಲ್ಲ, ಮತ್ತೆ ಹೋಗುವುದು ಮುಖ್ಯ ಎಂದು ಅವರು 2025ರಲ್ಲಿ ತೀರಿಕೊಳ್ಳುವ ಮೊದಲೇ ತೋರಿಸಿಕೊಟ್ಟರು.

ನಾವು ಜಗದ್ಗುರುಗಳೂ ಅಲ್ಲ, ಸಂತರೂ ಅಲ್ಲ. ಆದರೂ ಮಾಡಬಹುದಾದ ಕೆಲಸವಿದೆ. ಬಾಲನ್ಯಾಯ ಮಂಡಳಿಗೆ ಬೇಕಾದ ಸಮಾಜಸೇವಕ ಸದಸ್ಯರನ್ನು ಸರ್ಕಾರ ಅರ್ಜಿ ಕರೆದು ಆರಿಸುತ್ತದೆ. ಮಕ್ಕಳ ಶಿಕ್ಷಣ, ಆರೋಗ್ಯ, ಕ್ಷೇಮದ ಕೆಲಸದಲ್ಲಿ ಏಳು ವರ್ಷ ದುಡಿದವರು ಅರ್ಹರು. ನಮ್ಮ ಧರ್ಮಕೇಂದ್ರಗಳಲ್ಲಿ ನಿವೃತ್ತ ಶಿಕ್ಷಕಿಯರು, ದಾದಿಯರು, ಸಮಾಜಸೇವೆ ಓದಿದ ಧರ್ಮಭಗಿನಿಯರು ಎಷ್ಟಿಲ್ಲ? ಎರಡು ಭಾಷೆ ಬಲ್ಲ ಗಡಿಯ ಕನ್ನಡಿಗರಿಗಿಂತ ಒಳ್ಳೆಯ ದುಭಾಷಿ ಎಲ್ಲಿ ಸಿಕ್ಕಾರು? ವಿನ್ಸೆಂಟ್ ದಿ ಪೌಲ್ ಸಭೆಯವರು ವರ್ಷಕ್ಕೊಂದು ಬಡ ಕುಟುಂಬದ ಬಸ್ ಖರ್ಚು ಕೊಟ್ಟರೂ ಒಬ್ಬ ತಾಯಿ ತನ್ನ ಮಗನ ಮುಖ ನೋಡಿ ಬಂದಾಳು. ಕ್ರಿಸ್ಮಸ್ಸಿಗೆ ಕೇಕು ಹಿಡಿದು ಅನಾಥಾಶ್ರಮಕ್ಕೆ, ವೃದ್ಧಾಶ್ರಮಕ್ಕೆ ಹೋಗುವ ನಮ್ಮ ಯುವಕರು, ಅಧಿಕಾರಿಗಳ ಅನುಮತಿ ಪಡೆದು, ಈ ಮನೆಗಳಿಗೂ ವಾಲಿಬಾಲ್ ಆಡಲು, ಪಾಠ ಹೇಳಿಕೊಡಲು ಹೋಗಬಹುದು. ಒಂದು ದಿನದ ಹಬ್ಬಕ್ಕಲ್ಲ, ತಿಂಗಳು ತಿಂಗಳು. ಹೊರಗಿನವರು ತಪ್ಪದೆ ಬರುವ ಮನೆಯಲ್ಲಿ ಕೈ ಎತ್ತುವವರು ಎರಡು ಸಲ ಯೋಚಿಸುತ್ತಾರೆ.

ಡಿಸೆಂಬರ್ 31ರ ರಾತ್ರಿ ನಮ್ಮ ದೇವಾಲಯಗಳಲ್ಲಿ ವರ್ಷದ ಉಪಕಾರಸ್ತುತಿಯ ಬಲಿಪೂಜೆ ನಡೆಯುತ್ತದೆ. ಮಕ್ಕಳನ್ನು ಹೊಸ ಬಟ್ಟೆಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ದೇವರಿಗೆ ವಂದನೆ ಹೇಳುತ್ತೇವೆ. ಮುಂದಿನ ಸಲ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ, ಅಂದೇ ತೀರಿಕೊಂಡ ಆ ಹದಿನೇಳರ ಹುಡುಗನನ್ನೂ ಅವನ ತಾಯಿಯನ್ನೂ ಹೆಸರು ಹೇಳದೆಯೇ ಸ್ಮರಿಸೋಣ. ಪೂಜೆಯ ನಂತರ ನಮ್ಮ ಜಿಲ್ಲೆಯ ಮಕ್ಕಳನ್ನು ಯಾವ ವೀಕ್ಷಣಾಲಯಕ್ಕೆ ಕಳಿಸುತ್ತಾರೆ ಎಂದು ಒಬ್ಬರಾದರೂ ವಿಚಾರಿಸಲಿ.